ಕುಂಚಿಗೆಯನ್ನು ತಿರುವಿ ನೋಡಿ

ಹಳೆಯ ಕುಂಚಿಗೆ ಯಾರಾದರೂ ತಂದು ಕೈಗೆ ಕೊಟ್ಟರೆ ನಾನು ಮೊದಲು ಅದರ ಒಳಮಗ್ಗಲು ತಿರುವಿ ನೋಡುತ್ತೇನೆ. ಮೇಲಿನ ಕಸೂತಿ ಎಲ್ಲಿಗೂ ಹೋಗುವುದಿಲ್ಲ, ಆಮೇಲೆ ನೋಡಿದರಾಯಿತು. ಅಸ್ತರಕ್ಕೆ ಯಾವ ಬಟ್ಟೆ ಹಾಕಿದ್ದಾರೆ, ಹೊಲಿಗೆ ತಲೆಯ ಯಾವ ಭಾಗಕ್ಕೆ ಬಂದಿದೆ, ದಾರಕ್ಕೆ ಗಂಟು ಬಿದ್ದಿದೆಯಾ ಇಲ್ಲವಾ, ಇಷ್ಟು ನೋಡಿದರೆ ಸಾಕು. ಹೊಲಿದವರು ಕೂಸಿಗಾಗಿ ಹೊಲಿದರೋ, ನೋಡುವವರಿಗಾಗಿ ಹೊಲಿದರೋ ಗೊತ್ತಾಗುತ್ತದೆ.

ಕುಂಚಿಗೆ ಎಂದರೆ ಈಗ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಎಳೆಗೂಸಿನ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುವ ಉಡುಪು ಅದು. ಟೋಪಿಯೂ ಅದೇ, ಹೊದಿಕೆಯೂ ಅದೇ. ಬರೀ ತಲೆಗೆ ಹಾಕಿ, ಕಿವಿ ಮುಚ್ಚಿ, ಗದ್ದದ ಕೆಳಗೆ ಕಟ್ಟುವುದು ಕುಲಾವಿ. ನಮ್ಮ ಧಾರವಾಡದ ಸೀಮೆಯಲ್ಲಿ ಎರಡರ ಮೇಲೂ ಕಸೂತಿ ಹಾಕುತ್ತಿದ್ದರು. ಕಸೂತಿ ಎಂದ ಕೂಡಲೇ ಜನಕ್ಕೆ ಇಳಕಲ್ ಸೀರೆಯ ಸೆರಗು ನೆನಪಾಗುತ್ತದೆ, ಮದುವೆಯ ಚಂದ್ರಕಾಳಿ ಸೀರೆ ನೆನಪಾಗುತ್ತದೆ, ಕುಪ್ಪಸ ನೆನಪಾಗುತ್ತದೆ. ಕುಂಚಿಗೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಬೇಸರ ಇರುವುದು ಅಲ್ಲೇ. ಕಸೂತಿಯ ನಿಯಮಗಳಿಗೆ ನಿಜವಾದ ಅರ್ಥ ಬರುವುದು ಕುಂಚಿಗೆಯಲ್ಲಿ ಎಂದು ನಾನು ನಂಬಿದ್ದೇನೆ. ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಆಕಾರ. ಮಳೆಗಾಲದಲ್ಲಿ ಹೊಲಕ್ಕೆ ಹೋಗುವವರು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ತಲೆ ಮೇಲೆ ಕೊಪ್ಪೆ ಹಾಕಿಕೊಳ್ಳುತ್ತಾರಲ್ಲ, ಅದೇ ಅಚ್ಚು. ಒಂದು ತುಂಡು ಬಟ್ಟೆಯನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ, ಮೇಲಿನ ಅಂಚನ್ನಷ್ಟೇ ಹೊಲಿದರೆ ಕುಂಚಿಗೆ ಆಯಿತು. ಮಡಿಕೆ ಹಿಂದಲೆಗೆ ಬರುತ್ತದೆ. ಹೊಲಿಗೆ ನೆತ್ತಿಯ ಮೇಲೆ ಬರುತ್ತದೆ. ತೆರೆದ ಎರಡು ಅಂಚು ಮುಖದ ಅಕ್ಕಪಕ್ಕ ಇಳಿಯುತ್ತವೆ. ಕುತ್ತಿಗೆಯ ಹತ್ತಿರ ನೆರಿಗೆ ಹಿಡಿದು ಲಾಡಿ ಹಚ್ಚಿದರೆ ಮೇಲೆ ತಲೆ ಭಾಗ, ಕೆಳಗೆ ಬೆನ್ನಿನ ಭಾಗ ತಾನಾಗಿಯೇ ಬೇರೆಯಾಗುತ್ತದೆ. ತುದಿಗೆ ಒಂದು ಗೊಂಡೆ.

ಇದಕ್ಕೆ ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ಕುಪ್ಪಸದ ಬಟ್ಟೆ, ಹೇಳಿ ಮಾಡಿಸಿದ ಹಾಗಿದೆ. ಖಣಕ್ಕೆ ಎರಡೂ ಕಡೆ ಅಂಚಿನ ಪಟ್ಟಿ ಇರುತ್ತದೆ. ನಡುವೆ ಮಡಿಸಿದರೆ ಆ ಎರಡು ಪಟ್ಟಿಗಳು ಸೀದಾ ಮುಖದ ಎಡಬಲಕ್ಕೆ ಬಂದು ಕೂಡುತ್ತವೆ. ಕತ್ತರಿ ಹಾಕುವುದೇ ಬೇಡ. ಕೂಸಿನ ಕೆನ್ನೆಗೆ ತಾಗುವುದು ಮಗ್ಗದಲ್ಲೇ ಕಟ್ಟಿದ ಅಂಚು, ಹಾಗಾಗಿ ಅಲ್ಲಿ ಮಡಿಚಿ ಹೊಲಿದ ದಪ್ಪ ಏಣು ಇರುವುದಿಲ್ಲ. ಹಿಂದೆ ಜಾಸ್ತಿಯಾಗುವ ಬಟ್ಟೆಯನ್ನು ತುದಿಯಲ್ಲಿ ಒಳಗೆ ಮಡಿಚಿ ಸಡಿಲವಾಗಿ ಹೊಲಿದಿಡುತ್ತೇವೆ. ತಲೆ ಬೆಳೆದ ಹಾಗೆ ಅದನ್ನು ಬಿಚ್ಚಿಕೊಳ್ಳಬಹುದು.

ಈಗ ನೆತ್ತಿಯ ವಿಷಯಕ್ಕೆ ಬರೋಣ. ಎಳೆಗೂಸಿನ ನೆತ್ತಿ ಇನ್ನೂ ಕೂಡಿರುವುದಿಲ್ಲ. ಕೈ ಇಟ್ಟರೆ ಮೆತ್ತಗೆ ಮಿಡಿಯುವುದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಅದು ಗಟ್ಟಿಯಾಗುತ್ತದೆ. ಕುಂಚಿಗೆಯ ಒಂದೇ ಒಂದು ಹೊಲಿಗೆ ಹಾಯುವುದು ಸರಿಯಾಗಿ ಅದರ ಮೇಲೆ. ಉಳಿದ ಬಟ್ಟೆಗಳಿಗೆ ಮಾಡುವ ಹಾಗೆ ಹೊಲಿಗೆಯ ಅಂಚನ್ನು ಒಳಗೆ ಬಿಟ್ಟರೆ ಏನಾಗುತ್ತದೆ ಯೋಚಿಸಿ. ನನಗೆ ಕಸೂತಿ ಕಲಿಸಿದ ದೊಡ್ಡವ್ವ ಈ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕುಂಚಿಗೆಯ ಹೊಲಿಗೆಯ ಅಂಚು ಹೊರಗೇ ಬರಬೇಕು. ಒಳಗೆ ಬೆರಳಾಡಿಸಿದರೆ ಎಲ್ಲೂ ತಡೆಯಬಾರದು. ಹೊರಗೆ ಬಂದ ಅಂಚನ್ನು ಮುಚ್ಚಲು ಮೇಲೊಂದು ಸಣ್ಣ ಪಟ್ಟಿ, ಆ ಪಟ್ಟಿಯ ಮೇಲೆ ಕಸೂತಿ. ಹಣೆಯಿಂದ ತುದಿಯ ಗೊಂಡೆಯವರೆಗೆ ಸಾಲಾಗಿ ಹೋಗುವ ಆ ಚಿತ್ತಾರ ನೋಡಿದವರು ಎಷ್ಟು ಚೆಂದ ಎನ್ನುತ್ತಾರೆ. ಅದು ಅಲ್ಲಿಗೆ ಬಂದದ್ದೇ ಒಳಗೆ ಹೊಲಿಗೆ ಇರಬಾರದು ಎನ್ನುವ ಕಾರಣಕ್ಕೆ.

ಗಂಟಿನ ವಿಷಯವೂ ಹೀಗೇ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ ಗೆರೆಯಂತೆ ಸಾಗುತ್ತದೆ, ಮುರ್ಗಿ ಮೆಟ್ಟಿಲಿನಂತೆ ಹತ್ತುತ್ತದೆ, ನೇಗಿ ನೇಯ್ದ ಹಾಗೆ ಕಾಣುತ್ತದೆ, ಮೆಂತಿ ಗುಣಾಕಾರದ ಗುರುತಿನಂಥ ಅಡ್ಡ ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಕೊಂಡೇ ಹೋಗಬೇಕು. ಎಲ್ಲೂ ಗಂಟು ಹಾಕಬಾರದು. ಗವಂತಿ ಮತ್ತು ಮುರ್ಗಿಯಲ್ಲಿ ಎರಡೂ ಮಗ್ಗಲು ಒಂದೇ ತರ ಕಾಣಬೇಕು. ಕಸೂತಿ ಬಗ್ಗೆ ಬರೆಯುವವರೆಲ್ಲ ಇದನ್ನು ಕೈಚಳಕ ಎಂದು ಹೊಗಳುತ್ತಾರೆ. ಹೊಗಳಲಿ, ಅದು ಕೈಚಳಕವೇ. ಆದರೆ ದೊಡ್ಡವ್ವ ನನಗೆ ಕಾರಣ ಹೇಳಿದ್ದು ಬೇರೆ. "ಹಿಂದ ಗಂಟ ಹಾಕಬ್ಯಾಡವಾ, ಕೂಸಿನ ತಲಿಗೆ ಚುಚ್ಚತೈತಿ." ಅಷ್ಟೇ. ಸೀರೆಯ ಸೆರಗಿನ ಹಿಂದೆ ನಾಲ್ಕು ಗಂಟು ಇದ್ದರೆ ಯಾರಿಗೂ ಏನೂ ಆಗುವುದಿಲ್ಲ. ಕುಂಚಿಗೆಯಲ್ಲಿ ಒಂದೇ ಗಂಟಿದ್ದರೂ ಕೂಸು ಮಲಗಿದಾಗ ಅದರ ಇಡೀ ತಲೆಯ ಭಾರ ಆ ಗಂಟಿನ ಮೇಲೆ ಬೀಳುತ್ತದೆ.

ಗಂಟಿಲ್ಲದೆ ಹೇಗೆ ಎಂದು ಕೇಳುವವರಿಗೆ ಒಂದು ಸಣ್ಣ ಗೋಪುರ ಹೊಲಿಯುವುದನ್ನು ಹೇಳುತ್ತೇನೆ. ಕೆಳಗಿನ ಎಡಮೂಲೆಯಿಂದ ಹೊರಡಿ. ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ, ಹೀಗೆ ಸೂಜಿ ಮುಳುಗಿ ಏಳುತ್ತಾ ಮೆಟ್ಟಿಲು ಹತ್ತಬೇಕು. ಪಕ್ಕಕ್ಕೆ ಒಂದು ಕವಲು ಬಂದರೆ ಅದನ್ನು ಆಮೇಲೆ ಮಾಡಿದರಾಯಿತು ಎಂದು ಬಿಡುವಂತಿಲ್ಲ. ಕವಲಿನ ತುದಿಗೆ ಹೋಗಿ, ಬಿಟ್ಟ ಜಾಗ ತುಂಬುತ್ತಾ ವಾಪಸ್ ಬಂದು, ಮತ್ತೆ ಮುಖ್ಯ ದಾರಿ ಹಿಡಿಯಬೇಕು. ಕಳಸ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ಇಳಿಯುವುದು. ಹೋಗುವಾಗ ಖಾಲಿ ಬಿಟ್ಟದ್ದೆಲ್ಲ ಬರುವಾಗ ತುಂಬುತ್ತದೆ. ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುವುದರಿಂದ ಗೋಪುರ ಎಷ್ಟೇ ಕವಲಿನದ್ದಾಗಲಿ, ಸೂಜಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಆಗ ಹೊರಟಾಗ ಬಿಟ್ಟ ಎಳೆ, ಉಳಿದ ಎಳೆ ಎರಡೂ ಅಕ್ಕಪಕ್ಕ ಸಿಗುತ್ತವೆ. ಎರಡನ್ನೂ ಹೊಲಿಗೆಯ ಅಡಿಯಲ್ಲೇ ತೂರಿಸಿ ಕತ್ತರಿಸಿದರೆ ಮುಗಿಯಿತು. ತಿರುವಿ ನೋಡಿದರೆ ಅಲ್ಲೂ ಅದೇ ಗೋಪುರ.

ನೇಗಿಯಲ್ಲಿ ಹಿಂದಿನ ಮಗ್ಗಲಲ್ಲಿ ಉದ್ದುದ್ದ ಎಳೆ ಸಡಿಲವಾಗಿ ನಿಲ್ಲುತ್ತವೆ, ಕೂಸಿನ ಬೆರಳು ಸಿಕ್ಕಿಕೊಳ್ಳಬಹುದು. ಮೆಂತಿ ದಪ್ಪ, ಹಿಂದೆ ಒರಟು. ಅದಕ್ಕೇ ನಮ್ಮ ಮನೆಯ ಕುಂಚಿಗೆಗಳಲ್ಲಿ ತಲೆಯ ಭಾಗಕ್ಕೆ ಬರೀ ಗವಂತಿ, ಮುರ್ಗಿ. ಬೆನ್ನಿನ ಮೇಲೆ ಇಳಿಯುವ ಭಾಗಕ್ಕೆ ಮಾತ್ರ ಮೆಂತಿಯ ಆನೆ, ನೇಗಿಯ ಅಂಚು. ಅಲ್ಲಿ ಅಸ್ತರವೂ ದಪ್ಪ ಇರುತ್ತದೆ.

ಒಂದು ಕೈಮಗ್ಗದ ಮೇಳದಲ್ಲಿ 'ಕಸೂತಿ ಬೇಬಿ ಕ್ಯಾಪ್' ಎಂದು ಮಾರಲು ಇಟ್ಟಿದ್ದರು. ನಮ್ಮ ತಂಗಿ ಖುಷಿಯಿಂದ ಒಂದು ತಂದಳು. ಮೇಲಿನಿಂದ ನೋಡಲು ಏನೂ ಕೊರತೆಯಿಲ್ಲ, ನವಿಲು ಇತ್ತು, ತುಳಸಿಕಟ್ಟೆ ಇತ್ತು. ಒಳಗೆ ಕೈ ಹಾಕಿದರೆ ಯಂತ್ರದ ಹೊಲಿಗೆಗೆ ಆಧಾರವಾಗಿ ಅಂಟಿಸಿದ ಗಡಸು ಹಾಳೆ ಹಾಗೇ ಇತ್ತು. ಅದರ ಮೇಲೆ ಪ್ಲಾಸ್ಟಿಕ್ಕಿನಂಥ ದಾರದ ಸಿಂಬಿ. ಹಾಕಿದ ಸ್ವಲ್ಪ ಹೊತ್ತಿಗೆ ಮಗು ಅಳಲು ಶುರುಮಾಡಿತು. ತೆಗೆದು ನೋಡಿದರೆ ಹಣೆಯ ಮೇಲೆ ಕೆಂಪು ಗೀರು. ಯಂತ್ರದಲ್ಲಿ ಮಾಡಬಾರದು ಎಂದು ನಾನು ಹೇಳುವುದಿಲ್ಲ. ಒಳಗೊಂದು ಮೆತ್ತನೆಯ ಹತ್ತಿಯ ಅಸ್ತರ ಹಾಕಲು ಎಷ್ಟು ಖರ್ಚಾಗುತ್ತಿತ್ತು? ಕೂಸಿನ ತಲೆಗೆ ಏನು ಬೇಕು ಎಂದು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು.

ಅಸ್ತರ ಎಂದರೆ ಹೊಸ ಬಟ್ಟೆಯಲ್ಲ. ತೊಳೆದು ತೊಳೆದು ಸವೆದ ಹಳೆಯ ಧೋತರ, ಹಳೆಯ ಸೀರೆ. ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕದೆ ಮನೆಯ ಹಿರಿಯರ ಹಳೆಯ ಬಟ್ಟೆಯಲ್ಲಿ ಸುತ್ತುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಗಂಜಿಯ ಗಡಸು ಹೋಗಿರುತ್ತದೆ, ಬಣ್ಣ ಬಿಡುವ ಭಯವಿಲ್ಲ, ಹಿರಿಯರ ಆಯುಸ್ಸು ಕೂಸಿಗೆ ಬರಲಿ ಎನ್ನುವ ಆಸೆಯೂ ಇದೆ. ನಾನು ನೋಡಿದ ಒಂದು ಕುಂಚಿಗೆಯ ಒಳಗೆ ಮೂರು ಬೇರೆ ಬೇರೆ ಸೀರೆಯ ತುಂಡು ಕೂಡಿಸಿದ್ದರು. ಕೌದಿ ಹೊಲಿಯುವವರ ಕೈ ಅದು ಎಂದು ಹೊಲಿಗೆ ನೋಡಿದರೇ ಗೊತ್ತಾಗುತ್ತಿತ್ತು. ತಲೆಯ ನಡುಭಾಗಕ್ಕೆ ಬಂದ ತುಂಡು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಮೆತ್ತಗಿನದು. ಸುಮ್ನೆ ಸಿಕ್ಕಿದ್ದನ್ನು ಸಿಕ್ಕಲ್ಲಿ ಹಚ್ಚಿದ್ದಲ್ಲ.

ಇದೇ ಕಣ್ಣಿನಿಂದ ಬೇರೆ ದೇಶಗಳ ಕಸೂತಿ ಕುಂಚಿಗೆಗಳನ್ನು ನೋಡಲು ಶುರುಮಾಡಿದ ಮೇಲೆ ನನಗೆ ಒಂದು ದೊಡ್ಡ ಬಳಗವೇ ಸಿಕ್ಕ ಹಾಗಾಯಿತು. ಏಷ್ಯಾದ ಉದ್ದಗಲಕ್ಕೂ ಹೆಂಗಸರು ಕೂಸಿನ ತಲೆಗಾಗಿ ತಮ್ಮ ಅತ್ಯುತ್ತಮ ಕೆಲಸ ಮಾಡಿದ್ದಾರೆ.

ಚೀನಾದ ಹುಲಿಮುಖದ ಟೋಪಿಯನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ದುಂಡು ಕಣ್ಣು, ಮೀಸೆ, ಮೇಲೆದ್ದ ಎರಡು ಕಿವಿ. ಹಣೆಯ ಮೇಲೆ ಮೂರು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ ಇರುವ ಅಕ್ಷರ. ರಾಜ ಎಂದು ಅದರ ಅರ್ಥ, ಹುಲಿಯ ಹಣೆಯ ಪಟ್ಟೆಗಳೂ ಹಾಗೇ ಕಾಣುತ್ತವೆ. ಕೂಸನ್ನು ಹುಡುಕಿಕೊಂಡು ಬರುವ ಕೆಟ್ಟ ಶಕ್ತಿಗೆ ಇದು ಹುಲಿಮರಿ ಎಂದು ಕಾಣಲಿ ಎನ್ನುವುದು ಲೆಕ್ಕಾಚಾರ. ಚಳಿಗಾಲದ ಟೋಪಿಗಳಿಗೆ ಹಿಂದೆ ಕುತ್ತಿಗೆ ಮುಚ್ಚಿ ಬೆನ್ನಿನವರೆಗೆ ಇಳಿಯುವ ಪದರ ಇರುತ್ತದೆ, ಅಂದರೆ ನಮ್ಮ ಕುಂಚಿಗೆಯೇ. ಅಂಚಿಗೆ ಸಣ್ಣ ಗೆಜ್ಜೆ, ಹಣೆಗೆ ಬೆಳ್ಳಿಯ ದೇವರ ಬಿಲ್ಲೆಗಳು. ಕೂಸಿಗೆ ತಿಂಗಳು ತುಂಬಿದಾಗ, ನೂರು ದಿನ ತುಂಬಿದಾಗ, ವರ್ಷ ತುಂಬಿದಾಗ ತಾಯಿಯ ತವರಿನವರು ಇದನ್ನು ತರುತ್ತಾರೆ. ತವರಿನಿಂದ ತೊಟ್ಟಿಲು, ಕುಂಚಿಗೆ ಬರುವುದನ್ನು ಕಂಡ ನಮಗೆ ಇದು ಎಷ್ಟು ಹತ್ತಿರ ಅಲ್ವಾ? ಇನ್ನೊಂದು ಪದ್ಧತಿಯೂ ಅವರಲ್ಲಿದೆ. ನೂರು ಮನೆಗಳಿಂದ ಬಟ್ಟೆಯ ತುಂಡು ಬೇಡಿ ತಂದು ಕೂಸಿಗೆ ಅಂಗಿ ಹೊಲಿಯುವುದು. ಅಷ್ಟು ಮನೆಗಳ ಹರಕೆ ಕೂಸಿನ ಮೈಮೇಲೆ ಇರಲಿ ಎಂದು.

ಕೊರಿಯಾದ್ದು ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಕೂಸಿನ ಮೊದಲ ಹುಟ್ಟುಹಬ್ಬ ದೊಡ್ಡ ಸಮಾರಂಭ. ಅಂದು ಮಗುವಿನ ತಲೆಗೆ ಗುಲ್ಲೆ ಎನ್ನುವ ಕುಲಾವಿ ಹಾಕುತ್ತಿದ್ದರು. ಸೋಲ್ ನಗರದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಗುಲ್ಲೆಗಳಿವೆ. ಇದು ಇಡಿಯಾದ ಟೋಪಿಯಲ್ಲ. ಬಣ್ಣಬಣ್ಣದ ರೇಷ್ಮೆಯ ಪಟ್ಟಿಗಳನ್ನು ಹೊಲಿದು, ನೆತ್ತಿಯಲ್ಲಿ ಕೂಡಿಸಿ, ಗದ್ದದ ಕೆಳಗೆ ಕಟ್ಟುವಂತೆ ಮಾಡಿದ್ದು. ಪಟ್ಟಿಗಳ ನಡುವೆ ಜಾಗ ಇರುವುದರಿಂದ ಗಾಳಿ ಆಡುತ್ತದೆ. ಚಳಿಗೆ ದಪ್ಪ ರೇಷ್ಮೆ, ಉಳಿದ ಕಾಲಕ್ಕೆ ತೆಳು ರೇಷ್ಮೆ. ಪಟ್ಟಿಗಳ ಮೇಲೆ ಹೂವು, ಜೊತೆಗೆ ಆಯುಸ್ಸು, ಭಾಗ್ಯ ಎನ್ನುವ ಅಕ್ಷರಗಳ ಕಸೂತಿ. ಹಿಂದೆ ಎರಡು ಉದ್ದನೆಯ ರೇಷ್ಮೆ ಪಟ್ಟಿ ಬೆನ್ನ ಮೇಲೆ ಇಳಿಯುತ್ತವೆ. ಅದೇ ದೇಶದ ದೊಡ್ಡವರ ಚಳಿಗಾಲದ ನಂಬಾವಿಯಲ್ಲಿ ನೆತ್ತಿ ಬಯಲು. ಹಣೆ, ಕಿವಿ ಮತ್ತು ಹಿಂಗುತ್ತಿಗೆಗೆ ಮಾತ್ರ ತುಪ್ಪಳದ ಅಂಚಿನ ಮುಚ್ಚಿಕೆ. ಎಲ್ಲಿ ಚಳಿ ಹಿಡಿಯುತ್ತದೆ, ಎಲ್ಲಿ ಬೆವರುತ್ತದೆ ಎಂದು ಮೈ ತಿಳಿದು ಹೊಲಿದವರ ಕೆಲಸ ಅದು.

ಬೆನ್ನಿನ ಬಗ್ಗೆ ಜಪಾನಿನವರು ಯೋಚಿಸಿದಷ್ಟು ಇನ್ಯಾರೂ ಯೋಚಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಇದು ಕುಂಚಿಗೆಯಲ್ಲ, ಕೂಸಿನ ಕಿಮೋನೊ. ಆದರೂ ಹೇಳಲೇಬೇಕು. ದೊಡ್ಡವರ ಕಿಮೋನೊಗೆ ಬೆನ್ನ ನಡುವೆ ಉದ್ದಕ್ಕೆ ಒಂದು ಹೊಲಿಗೆ ಇರುತ್ತದೆ. ಕೂಸಿನದ್ದು ಸಣ್ಣದು, ಒಂದೇ ಅಗಲದ ಬಟ್ಟೆಯಲ್ಲಿ ಆಗಿಬಿಡುತ್ತದೆ, ಹಾಗಾಗಿ ಬೆನ್ನಿಗೆ ಹೊಲಿಗೆ ಇರುವುದಿಲ್ಲ. ಹೊಲಿಗೆ ಇಲ್ಲದ ಬೆನ್ನಿಗೆ ಕಾವಲಿಲ್ಲ, ಕೆಟ್ಟದ್ದು ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ ಎಂದು ತಾಯಂದಿರಿಗೆ ಭಯ. ಅದಕ್ಕೆ ಅವರು ಕುತ್ತಿಗೆಯ ಕೆಳಗೆ ಬಣ್ಣದ ದಾರದಿಂದ ಒಂದು ಸಾಲು ಹೊಲಿಗೆಯನ್ನೋ, ಒಂದು ಸಣ್ಣ ಹೂವನ್ನೋ ಹಾಕುತ್ತಿದ್ದರು. ಸೆಮಾಮೊರಿ ಎಂದು ಅದಕ್ಕೆ ಹೆಸರು. ಕೆಲವು ಕಡೆ ದಾರದ ತುದಿಯನ್ನು ಕತ್ತರಿಸದೆ ಉದ್ದ ಬಿಡುತ್ತಿದ್ದರು. ಕೂಸು ಒಲೆಗೋ ನೀರಿಗೋ ಬೀಳುವ ಹೊತ್ತಿಗೆ ದೇವರು ಆ ದಾರ ಹಿಡಿದು ಎಳೆದುಕೊಳ್ಳಲಿ ಎಂದು. ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ಹೋಗಿ ನಮ್ಮ ಮನೆಯ ಕುಂಚಿಗೆ ತೆಗೆದು ನೋಡಿದೆ. ನಮ್ಮದರಲ್ಲೂ ಬೆನ್ನಿಗೆ ಹೊಲಿಗೆ ಇಲ್ಲ, ಬರೀ ಮಡಿಕೆ. ನಮ್ಮ ಹೆಂಗಸರೂ ಸರಿಯಾಗಿ ಆ ಮಡಿಕೆಯ ಮೇಲೆಯೇ ತೇರು, ಗೋಪುರ, ನಂದಿ ಸಾಲಾಗಿ ಕೂರಿಸಿದ್ದಾರೆ. ಕೂಸು ತಾಯಿಯ ಹೆಗಲ ಮೇಲೆ ಮುಖ ಇಟ್ಟು ಮಲಗಿದಾಗ ದಾರಿಯಲ್ಲಿ ಹೋಗುವವರಿಗೆ ಕಾಣುವುದು ಅದರ ಹಿಂದಲೆ, ಬೆನ್ನು. ನೆದರು ಬೀಳುವುದಿದ್ದರೆ ಅಲ್ಲೇ ಬೀಳಬೇಕು. ಕೆನ್ನೆಯ ಮೇಲಿನ ಕಾಡಿಗೆಯ ಬೊಟ್ಟು ಮುಂದಿನ ಕಾವಲಿಗಾದರೆ, ಕಸೂತಿ ಹಿಂದಿನ ಕಾವಲಿಗೆ.

ಮಧ್ಯ ಏಷ್ಯಾದ ತುರ್ಕಮೆನ್ ಹೆಂಗಸರಲ್ಲಿ ದೊಡ್ಡವರೇ ಹೀಗೆ ಕಸೂತಿಯನ್ನು ತಲೆಯ ಮೇಲೆ ಹೊರುತ್ತಿದ್ದರು. ಚಿರ್ಪಿ ಎನ್ನುವುದು ಒಂದು ನಿಲುವಂಗಿ, ಆದರೆ ಅದನ್ನು ತೊಡುತ್ತಿರಲಿಲ್ಲ. ತಲೆಯ ಮೇಲಿಂದ ಬೆನ್ನಿಗೆ ಇಳಿಬಿಡುತ್ತಿದ್ದರು. ಕೈ ತೂರಿಸಲಾಗದ ಎರಡು ಕಿರಿದಾದ ತೋಳುಗಳು ಬೆನ್ನ ಹಿಂದೆ ಸುಮ್ಮನೆ ಜೋತಾಡುತ್ತಿದ್ದವು. ಹರೆಯದವರಿಗೆ ಕಡುನೀಲಿ ಅಥವಾ ಕಡುಹಸಿರು, ನಡುವಯಸ್ಸಿಗೆ ಹಳದಿ, ಮುದುಕಿಯರಿಗೆ ಬಿಳಿ. ಮೇಲೆಲ್ಲಾ ರೇಷ್ಮೆಯ ಕಸೂತಿ. ಒಳಗೆ ಏನಿದೆ ಗೊತ್ತಾ? ರಷ್ಯಾದ ಗಿರಣಿಗಳಲ್ಲಿ ಅಚ್ಚಾದ ಹೂಹೂವಿನ ಹತ್ತಿ ಬಟ್ಟೆ. ವರ್ಷಗಟ್ಟಲೆ ಕೂತು ಹೊಲಿದ ಕಸೂತಿಗೆ ಪೇಟೆಯ ಅಗ್ಗದ ಅಚ್ಚುಬಟ್ಟೆಯ ಅಸ್ತರ. ಆ ಒಂದು ಪದರದಲ್ಲಿ ಹತ್ತೊಂಬತ್ತನೇ ಶತಮಾನದ ವ್ಯಾಪಾರದ ದಾರಿಗಳೆಲ್ಲ ಕಾಣುತ್ತವೆ. ಅದರ ಹೊರಮಗ್ಗಲಿನ ಚಿತ್ರ ಎಲ್ಲ ಪುಸ್ತಕಗಳಲ್ಲಿ ಸಿಗುತ್ತದೆ, ಒಳಮಗ್ಗಲಿನದ್ದು ಸಿಗುವುದು ಅಪರೂಪ. ಬಟ್ಟೆಗಳನ್ನು ಕಾಯುವ ವಸ್ತುಸಂಗ್ರಹಾಲಯಗಳಿಗೆ ನನ್ನ ಬೇಡಿಕೆ ಇದೊಂದೇ. ದಯವಿಟ್ಟು ಒಳಗಿನದ್ದೂ ಒಂದು ಫೋಟೋ ಹಾಕಿ.

ನಮ್ಮ ದೇಶದಲ್ಲೇ ಗುಜರಾತಿನ ಕಛ್‌ನಲ್ಲಿ ದನಕುರಿ ಮೇಯಿಸುವ ರಬಾರಿಗಳಿದ್ದಾರೆ. ಕನ್ನಡಿ ಕೂರಿಸಿದ, ಹಿಂದೆ ಪದರ ಇಳಿಬಿಟ್ಟ ಅವರ ಮಕ್ಕಳ ಟೋಪಿಗಳನ್ನು ನೋಡಿದರೆ ಕಣ್ಣು ತುಂಬುತ್ತದೆ. ಆದರೆ 1995ರಲ್ಲಿ ಅವರಲ್ಲಿನ ಢೇಬರಿಯಾ ಪಂಗಡದ ಹಿರಿಯರು ಸ್ವಂತ ಬಳಕೆಗೆ ಕಸೂತಿ ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಗಂಡನ ಮನೆಗೆ ಹೋಗುವ ಮುಂಚೆ ಹುಡುಗಿ ಇಷ್ಟಿಷ್ಟು ಕಸೂತಿ ಮುಗಿಸಿರಬೇಕು ಎಂಬ ಕಟ್ಟಳೆ ಬೆಳೆದು ಬೆಳೆದು, ಹುಡುಗಿಯರು ವರ್ಷಗಟ್ಟಲೆ ತವರಲ್ಲೇ ಉಳಿಯುವ ಹಾಗಾಗಿತ್ತು. ಈ ನಿರ್ಧಾರವನ್ನು ನಾನು ಸುಲಭವಾಗಿ ತಪ್ಪು ಎನ್ನಲಾರೆ. ಹೊಲಿಗೆ ಹುಡುಗಿಯ ಕೊರಳಿಗೆ ಉರುಳಾದರೆ ಅದನ್ನು ಬಿಡುವುದೇ ಸರಿ. ಆದರೆ ಮಕ್ಕಳ ಟೋಪಿಯೂ ಅದರ ಜೊತೆಗೇ ಹೋಯಿತಲ್ಲ ಎಂದು ಸಂಕಟವಾಗುತ್ತದೆ.

ಲಂಬಾಣಿ ಹೆಂಗಸರ ತಲೆವಸ್ತ್ರದ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಎರಡು ಮಾತು. ಮುಖದ ಸುತ್ತ ಬರುವ ಘೂಂಗಟೊ ಪಟ್ಟಿಯಲ್ಲಿ ಕನ್ನಡಿ, ಕವಡೆ, ನಾಣ್ಯ ಎಲ್ಲ ಇರುತ್ತದೆ, ಭಾರವೂ ಜಾಸ್ತಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಗುರುತು) ಸಿಕ್ಕಿತು, ಸಂಡೂರು ಕುಶಲ ಕಲಾ ಕೇಂದ್ರದಂಥ ಕಡೆ ತಾಂಡಾದ ಹೆಂಗಸರು ಈಗಲೂ ಹೊಲಿಯುತ್ತಿದ್ದಾರೆ. ಕೈಗೆ ಕೆಲಸ ಸಿಕ್ಕಿದೆ, ಅದು ದೊಡ್ಡದು.

ನಮ್ಮ ಧಾರವಾಡದ ಕಸೂತಿಗೂ ಆ ಸೂಚಿಕೆ ಇದೆ. ಆದರೆ ಅಂಗಡಿಗೆ ಹೋಗಿ ನೋಡಿ. ಸೀರೆ, ದುಪಟ್ಟಾ, ಕುರ್ತಾ, ಮೇಜಿನ ಬಟ್ಟೆ, ಪರ್ಸು, ಮೊಬೈಲ್ ಚೀಲ. ಕುಂಚಿಗೆ ಇರುವುದಿಲ್ಲ. ಕಾರಣ ಗೊತ್ತಿರುವುದೇ. ಕುಂಚಿಗೆಯನ್ನು ಯಾರೂ ಯಾವತ್ತೂ ಮಾರಲು ಹೊಲಿದಿರಲಿಲ್ಲ. ಅಜ್ಜಿಯೋ ಸೋದರತ್ತೆಯೋ ದೊಡ್ಡವ್ವನೋ ಹೊಲಿದು ಕೊಡುವ ವಸ್ತು ಅದು. ಎಳೆ ಎಣಿಸಿ ಹಾಕಿದ ಕೆಲಸಕ್ಕೆ ಸರಿಯಾದ ಕೂಲಿ ಹಿಡಿದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಕೆಲವೇ ತಿಂಗಳು ಹಾಕುವ ಉಡುಪಿಗೆ ಅಷ್ಟು ದುಡ್ಡು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಕೊಳ್ಳುವವರಿಲ್ಲ, ಹಾಗಾಗಿ ಹೊಲಿಯುವವರಿಲ್ಲ, ಹಾಗಾಗಿ ಕಲಿಸುವವರಿಲ್ಲ.

ಕಸೂತಿ ತರಬೇತಿ ಕೊಡುವ ಕಡೆಗಳಲ್ಲಿ ನಾನು ಹೇಳುತ್ತಲೇ ಬಂದಿದ್ದೇನೆ. ಹುಡುಗಿಯರಿಗೆ ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಮೇಲೆ ಕೈ ಕೂಡಿದ ಕೂಡಲೇ ಮೊದಲು ಕುಂಚಿಗೆ ಹೊಲಿಸಿ. ಸಣ್ಣ ವಸ್ತು, ಬೇಗ ಮುಗಿಯುತ್ತದೆ. ನಾಲ್ಕೂ ಹೊಲಿಗೆಗೆ ಅದರಲ್ಲಿ ಜಾಗವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ಮಗ್ಗಲು ಒಂದೇ ಸಮ ಯಾಕಿರಬೇಕು ಎನ್ನುವುದು ಅಲ್ಲಿ ಹೇಳದೆಯೇ ತಿಳಿಯುತ್ತದೆ. ಪರ್ಸಿನ ಒಳಗೆ ಗಂಟು ಹಾಕಬೇಡ ಎಂದರೆ ಹುಡುಗಿ ಯಾಕೆ ಎಂದು ಕೇಳುತ್ತಾಳೆ, ಕೇಳಬೇಕಾದ ಪ್ರಶ್ನೆಯೇ. ಕುಂಚಿಗೆಯಲ್ಲಿ ಆ ಪ್ರಶ್ನೆ ಬರುವುದಿಲ್ಲ.

ಈಗ ನನ್ನ ಕೈಯಲ್ಲಿ ಒಂದಿದೆ. ತಮ್ಮನ ಮಗಳಿಗೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಗಾದೆ ಇದೆಯಲ್ಲ, ನಮ್ಮ ಮನೆಯಲ್ಲಿ ಅದನ್ನು ಗಾದೆ ಎಂದು ಬಿಡದೆ ಪಾಲಿಸುತ್ತಾರೆ. ಬಟ್ಟೆ ತೆಗೆದಿಡಬಹುದು, ದಾರ ಆರಿಸಿಡಬಹುದು. ಸೂಜಿ ಮಾತ್ರ ಚುಚ್ಚುವಂತಿಲ್ಲ. ಹೆರಿಗೆಯಾಗಿ ತಾಯಿ ಮಗು ಚೆನ್ನಾಗಿದ್ದಾರೆ ಎಂದು ತಿಳಿದ ಮೇಲೇ ನಾನು ಮೊದಲ ಎಳೆ ಎಣಿಸಿದ್ದು. ಹಸಿರು ಖಣ, ಕೆಂಪು ಅಂಚು. ಖಣದ ರೇಷ್ಮೆ ನುಣುಪು, ಎಳೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆ ಮೇಲೆ ಜಾಳಿ ಬಟ್ಟೆ ಇಟ್ಟು, ಅದರ ಎಳೆ ಎಣಿಸಿ ಹೊಲಿದು, ಆಮೇಲೆ ಜಾಳಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ನೆತ್ತಿಯ ಪಟ್ಟಿಗೆ ಮುರ್ಗಿಯ ಮೆಟ್ಟಿಲು ಮುಗಿದಿದೆ. ಬೆನ್ನಿಗೆ ಒಂದು ತೊಟ್ಟಿಲು, ಎರಡು ಗಿಳಿ ಕೂರಿಸಬೇಕು ಎಂದಿದೆ. ಅಸ್ತರಕ್ಕೆ ನಮ್ಮ ಅಪ್ಪನ ಹಳೆಯ ಧೋತರ.

ನಿಮ್ಮ ಮನೆಯ ಟ್ರಂಕಿನಲ್ಲೂ ಒಂದು ಕುಂಚಿಗೆ ಇರಬಹುದು. ಸಿಕ್ಕರೆ ಕೆಲವು ಮಾತು ನೆನಪಿಡಿ. ಕೂಡಲೇ ನೀರಿಗೆ ಹಾಕಬೇಡಿ. ಹಳೆಯ ಕೆಂಪು ರೇಷ್ಮೆ ದಾರ ಬಣ್ಣ ಬಿಡುವ ಸಂಭವ ಇರುತ್ತದೆ. ಬಿಳಿ ಬಟ್ಟೆಯ ತುದಿ ಒದ್ದೆ ಮಾಡಿ ಒಳಗಿನ ಒಂದು ಮೂಲೆಗೆ ಮೆಲ್ಲಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ತೊಳೆಯುವ ಆಸೆ ಬಿಡಿ, ನೆರಳಲ್ಲಿ ಗಾಳಿಗೆ ಹರವಿದರೆ ಸಾಕು. ನುಸಿಗುಳಿಗೆಯನ್ನು ರೇಷ್ಮೆಗೆ ತಾಗುವಂತೆ ಇಡಬೇಡಿ. ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಿದರೆ ಎಳೆ ಅಲ್ಲೇ ಕಡಿಯುತ್ತದೆ. ಹಾಗಾಗಿ ತಲೆಯ ಭಾಗದೊಳಗೆ ಮೆತ್ತನೆಯ ಹಳೆಯ ಬಟ್ಟೆ ತುಂಬಿ, ದುಂಡಗೆ ಇಡಿ. ಮತ್ತೆ ಅಸ್ತರ ಹರಿದಿದೆ ಎಂದು ಕಿತ್ತು ಹೊಸದು ಹಾಕಬೇಡಿ. ಮೇಲೊಂದು ತೆಳು ಮಲ್‌ಮಲ್ ಹಚ್ಚಿ ಉಳಿಸಿಕೊಳ್ಳಿ. ಆ ತುಂಡುಗಳು ಯಾರ ಸೀರೆ, ಯಾರ ಧೋತರ ಎಂದು ಹೇಳಬಲ್ಲವರು ಮನೆಯಲ್ಲಿದ್ದರೆ ಇವತ್ತೇ ಕೇಳಿ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ.